ಬಾಕಿ ಉಳಿದ ಅಳಿಯ

ನಮ್ಮೂರಿಗೆ ಹೊಸಬರು ಯಾರೇ ಬರಲಿ, ಮೊದಲು ಕೇಳುವುದು ಈರಪ್ಪಜ್ಜನ ಮುಖದ ಬಗ್ಗೆ. ಎಡಗೆನ್ನೆ ನುಣ್ಣಗೆ ಹೊಳೆಯುತ್ತಿರುತ್ತದೆ, ಬಲಗೆನ್ನೆಯ ಗಡ್ಡ ಎದೆಯವರೆಗೆ ಇಳಿಬಿದ್ದಿರುತ್ತದೆ. ಎಷ್ಟು ಜನ ಕೇಳಿದರೂ ಅಜ್ಜನಿಗೆ ಬೇಸರವಿಲ್ಲ. "ಕ್ಷೌರದಂಗಡಿ ತಿಮ್ಮ ಸಾಯೋ ದಿನ ಒಂದ್ ಕಡೆ ಮುಗಿಸಿದ್ದ ಕಣಪ್ಪ, ಮಿಕ್ಕಿದ್ದು ಬಾಕಿ," ಎನ್ನುತ್ತಾನೆ. ತಿಮ್ಮನ ಮಗ ಇವತ್ತಿಗೂ ವಾರ ವಾರ ಅಜ್ಜನ ಎಡಗಡೆಯನ್ನು ಪುಕ್ಕಟೆ ಹೆರೆದುಕೊಡುತ್ತಾನೆ. ಬಲಗಡೆಗೆ ಮಾತ್ರ ಕತ್ತಿ ತಾಗಿಸುವುದಿಲ್ಲ. ತಾಗಿಸಿ ಮುಗಿಸಿಬಿಟ್ಟರೆ ಅವನಂಗಡಿಯ ನಾಲ್ಕು ಕುರ್ಚಿಯಲ್ಲಿ ಒಂದು ಊರಿನ ಪಾಲಾಗುತ್ತದೆ.

ಅದು ನಮ್ಮೂರಿನ ಕಟ್ಟಳೆ. ಅಂಗಡಿಗೋ ಹೊಲಕ್ಕೋ ಕಸುಬಿಗೋ ಯಜಮಾನಿಕೆ ಮಾಡಿದವರು ಸತ್ತರೆ, ಅವರು ಬಿಟ್ಟುಹೋದದ್ದರಲ್ಲಿ ಕಾಲು ಭಾಗ ಊರಿಗೆ ಸೇರಬೇಕು. ದುಡ್ಡು ಕೊಟ್ಟರೆ ಊರು ಮುಟ್ಟುವುದಿಲ್ಲ, ವಸ್ತುವೇ ಆಗಬೇಕು. ಆದರೆ ಸತ್ತವರು ಯಾವುದಾದರೂ ಕೆಲಸವನ್ನು ಅರ್ಧಕ್ಕೆ ಬಿಟ್ಟುಹೋಗಿದ್ದರೆ, ಆ ಕೆಲಸ ಮುಗಿಯುವವರೆಗೆ ಊರು ಬಾಯಿಮುಚ್ಚಿಕೊಂಡು ಕಾಯಬೇಕು. ಕೆಲಸ ನಡೆಯುತ್ತಿರುವ ಮನೆಗೆ ಕೈಹಾಕುವ ಹಾಗಿಲ್ಲ. ಹೀಗಾಗಿ ನಮ್ಮಲ್ಲಿ ಮನೆಗೊಂದು ಬಾಕಿ ಇದ್ದೇ ಇರುತ್ತದೆ. ಮಿಠಾಯಿ ಅಂಗಡಿಯ ಹಿತ್ತಲಲ್ಲಿ ಒಂದು ಬಾಣಲೆ ಸದಾ ಸಣ್ಣ ಉರಿಯ ಮೇಲಿರುತ್ತದೆ, ಅದರ ಪಾಕ ಎಳೆ ಬರಲು ಹೊರಟಿತೋ, ಒಂದು ಲೋಟ ನೀರು ಸುರಿಯುತ್ತಾರೆ. ಹೊಲದವರು ಒಂದು ಸಾಲು ರಾಗಿ ಕೊಯ್ಯದೆ ಬಿಡುತ್ತಾರೆ. ಹಕ್ಕಿಗಳಿಗಂತೂ ನಮ್ಮೂರೆಂದರೆ ಪ್ರಾಣ.

ಎಲ್ಲರಿಗೂ ಅಷ್ಟು ಜಾಣತನ ಇರುವುದಿಲ್ಲ ಬಿಡಿ. ಮೇಗಲಕೇರಿಯ ಚೌಡಪ್ಪ ಅಪ್ಪ ಸತ್ತ ದುಃಖದಲ್ಲಿ ಆ ಒಂದು ಸಾಲನ್ನೂ ಕೊಯ್ದುಬಿಟ್ಟ. ಹೊಲದಲ್ಲಿ ಕಾಲು ಪಾಲು ಹೋಯಿತು. ಆಮೇಲೆ ಅವನಣ್ಣ ಸತ್ತ, ಮಿಕ್ಕಿದ್ದರಲ್ಲಿ ಮತ್ತೆ ಕಾಲು ಹೋಯಿತು. ಕೊನೆಗೆ ಆ ಹೊಲ ಎಷ್ಟು ಚಿಕ್ಕದಾಯಿತೆಂದರೆ ನೇಗಿಲು ತಿರುಗಿಸಲು ಜಾಗವಿಲ್ಲದೆ, ಎತ್ತುಗಳು ಪಕ್ಕದ ಹೊಲದವರ ಅಪ್ಪಣೆ ಪಡೆದು ತಿರುಗಬೇಕಾಗಿತ್ತು. ಪಕ್ಕದವರಿಗೂ ಎಷ್ಟು ದಿನ ತಾಳ್ಮೆ ಇರುತ್ತದೆ? ಚೌಡಪ್ಪ ಎತ್ತು ಮಾರಿ ಚಹಾದಂಗಡಿ ಇಟ್ಟ. ಊರು ತೆಗೆದುಕೊಂಡ ಪಾಲಿನಲ್ಲಿ ಈಗ ಎಕ್ಕದ ಗಿಡ ಬೆಳೆದಿದೆ. ಊರಿಗೇನು ಉಳುವುದಕ್ಕೆ ಬರುತ್ತದೆಯೇ? ಊರಿನ ಪಾಲನ್ನೆಲ್ಲ ತುಂಬಿಡುವ ಪಾಲುಮನೆಯಲ್ಲಿ ಹೀಗೆ ಬಂದ ಒಂಟಿ ಕುರ್ಚಿ, ಒಂಟಿ ಕೊಪ್ಪರಿಗೆ, ಗಾಡಿಯ ಒಂಟಿ ಚಕ್ರಗಳೆಲ್ಲ ರಾಶಿ ಬಿದ್ದಿವೆ. ಇದ್ದ ಮನೆಯಲ್ಲಿದ್ದಿದ್ದರೆ ದುಡಿಯುತ್ತಿದ್ದವು, ಈಗ ಧೂಳು ತಿನ್ನುತ್ತಿವೆ.

ನಮ್ಮದು ಹಗ್ಗ ಹೊಸೆಯುವ ಮನೆ. ನಾನು, ಅಂದರೆ ಸಾಕಮ್ಮ, ಈ ಮನೆಗೆ ಸೊಸೆಯಾಗಿ ಬಂದಾಗ ನನಗೆ ಅಡುಗೆ ಬಿಟ್ಟು ಏನೂ ಬರುತ್ತಿರಲಿಲ್ಲ. ಅಡುಗೆಯೂ ಬರುತ್ತಿರಲಿಲ್ಲ ಎಂದು ನಮ್ಮತ್ತೆ ಹೊನ್ನಾಜಮ್ಮ ಹೇಳುತ್ತಿದ್ದರು, ಅದು ಬೇರೆ ಮಾತು. ಮನೆಯ ಹಿಂದೆ ನಮ್ಮ ಅಂಗಳ. ಅಗಲ ಏನೂ ಇಲ್ಲ, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಆತುಕೊಳ್ಳಬೇಕು. ಉದ್ದ ಮಾತ್ರ ಈ ತುದಿಯಲ್ಲಿ ಕೂಗಿದರೆ ಆ ತುದಿಯಲ್ಲಿರುವವರು "ಆಂ?" ಎನ್ನಬೇಕು, ಅಷ್ಟು. ಈ ತುದಿಯಲ್ಲಿ ನಮ್ಮ ಯಜಮಾನರು ಮಾದಪ್ಪ ರಾಟೆ ತಿರುಗಿಸುತ್ತಾರೆ. ನಾವು ಸೊಂಟಕ್ಕೆ ನಾರಿನ ಕಟ್ಟು ಕಟ್ಟಿಕೊಂಡು, ಎರಡೂ ಕೈಯಿಂದ ನಾರು ಬಿಡುತ್ತಾ ಹಿಂದುಹಿಂದಕ್ಕೆ ಹೆಜ್ಜೆ ಹಾಕಿಕೊಂಡು ಹೋಗುತ್ತೇವೆ. ಕಣ್ಣು ಹುರಿಯ ಮೇಲೇ ಇರಬೇಕು. ಹಿಂದೆ ತಿರುಗಿ ನೋಡಿದರೆ ಕೈ ತಪ್ಪುತ್ತದೆ, ಹುರಿ ಒಂದು ಕಡೆ ದಪ್ಪ ಒಂದು ಕಡೆ ಸಣ್ಣ ಆಗುತ್ತದೆ. ಸಣ್ಣಗಾದ ಕಡೆ ಹಗ್ಗ ಕಿತ್ತುಬರುತ್ತದೆ.

ಅಂಗಳದ ಉದ್ದವೇ ನಮ್ಮ ಆಸ್ತಿ. ಬಾವಿಹಗ್ಗ, ದನ ಕಟ್ಟುವ ಹಗ್ಗವನ್ನು ಯಾರು ಬೇಕಾದರೂ ಹೊಸೆಯುತ್ತಾರೆ. ಹೊಳೆಗೆ ಅಡ್ಡವಾಗಿ ಕಟ್ಟಿ ದೋಣಿ ಎಳೆಯುತ್ತಾರಲ್ಲ, ಆ ಹಗ್ಗ ಒಂದೇ ಉದ್ದಕ್ಕೆ ಬರಬೇಕು, ನಡುವೆ ಗಂಟು ಇರಬಾರದು. ಅದನ್ನು ಹೊಸೆಯುವ ಅಂಗಳ ಈ ಸೀಮೆಯಲ್ಲಿ ಇದೊಂದೇ. ಅದರಲ್ಲಿ ಕಾಲು ಭಾಗ ಕತ್ತರಿಸಿ ತೆಗೆದರೆ ಮುಕ್ಕಾಲು ಕಸುಬು ಉಳಿಯುತ್ತದೆ ಎಂದುಕೊಂಡಿದ್ದೀರಾ? ಏನೂ ಉಳಿಯುವುದಿಲ್ಲ. ಬೀದಿಯಲ್ಲಿ ಹೊಸೆಯೋಣವೆಂದರೆ ಗಾಡಿ, ದನ, ನಾಯಿಗಳು ಬಿಡಬೇಕಲ್ಲ.

ಅದಕ್ಕೇ ನಮ್ಮ ಮನೆಯ ಬಾಕಿಯನ್ನು ನಮ್ಮವರು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಾ ಬಂದಿದ್ದರು. ಅದೊಂದು ಹಗ್ಗ. ಮಾವನವರ ಅಜ್ಜನ ಕಾಲದಲ್ಲಿ ಶುರುವಾದದ್ದು. ಪ್ರತಿ ಯಜಮಾನಿಕೆಯಲ್ಲೂ ಯುಗಾದಿಯ ದಿನ ಒಂದೊಂದು ಮೊಳ ಸೇರಿಸುತ್ತಾ ಬಂದು, ಕೊಟ್ಟಿಗೆಯ ಮೂಲೆಯಲ್ಲಿ ಸುರುಳಿ ಸುತ್ತಿಕೊಂಡು ಕೂತಿತ್ತು. ಅದರ ತುದಿಯಲ್ಲಿ ಮೂರು ಎಳೆಗಳು ಬಿಚ್ಚಿಕೊಂಡು ನೇತಾಡುತ್ತಿದ್ದವು. ಹಗ್ಗ ಮುಗಿಯಿತು ಎನ್ನುವುದು ತುದಿಗೆ ಗಂಟು ಬಿದ್ದಾಗ. ಗಂಟು ಬೀಳದ ಹಗ್ಗ ಇನ್ನೂ ಕೆಲಸದಲ್ಲಿರುವ ಹಗ್ಗ.

ಇಂಥ ಮನೆಗೆ ಅಳಿಯನಾಗಿ ಬಂದವನು ಮುದ್ದಯ್ಯ.

ಹೊಳೆಯಾಚೆಯ ಊರಿನವನು, ಹಿಂದೆಮುಂದೆ ಯಾರೂ ಇಲ್ಲ, ಕಸುಬು ದರ್ಜಿಯದು. ನಮ್ಮ ಮಗಳು ಚೆಲುವಿ ರವಿಕೆ ಹೊಲಿಸಲು ಹೋಗಿ ಮೆಚ್ಚಿ ಬಂದಳು. ನಮಗೆ ಗಂಡುಮಕ್ಕಳಿಲ್ಲ, ಮನೆ ಅಳಿಯನಾಗಿರು ಎಂದೆವು, ಕತ್ತರಿ ಹಿಡಿದುಕೊಂಡು ಬಂದ. ಚಿನ್ನದಂಥ ಹುಡುಗ, ಸುಳ್ಳು ಯಾಕೆ ಹೇಳಲಿ. ಆದರೆ ಒಂದು ರೋಗ ಇತ್ತು. ಅರ್ಧಕ್ಕೆ ನಿಂತ ಯಾವುದನ್ನೂ ಅವನ ಕಣ್ಣು ಸಹಿಸುತ್ತಿರಲಿಲ್ಲ. ಯಾರ ತೋಳಿನಿಂದಾದರೂ ಒಂದು ದಾರ ನೇತಾಡುತ್ತಿದ್ದರೆ ಮಾತಾಡುತ್ತಾ ಮಾತಾಡುತ್ತಾ ಬಾಗಿ ಹಲ್ಲಿನಿಂದ ಕಚ್ಚಿ ತೆಗೆಯುತ್ತಿದ್ದ. ಮದುವೆಗೆ ಬಂದ ಪುರೋಹಿತರ ಶಲ್ಯವನ್ನೂ ಬಿಡಲಿಲ್ಲ. ನಾನು ಲೋಟದಲ್ಲಿ ಗುಟುಕು ಕಾಫಿ ಬಿಟ್ಟು ಎದ್ದರೆ, "ಅತ್ತೆ, ಅದನ್ನೊಂದು ಕುಡಿದುಬಿಡಿ," ಎಂದು ಬೆನ್ನಟ್ಟಿ ಬರುತ್ತಿದ್ದ. ಈರಪ್ಪಜ್ಜ ಎದುರು ಬಂದರೆ ಪಾಪ, ತಲೆತಗ್ಗಿಸಿಕೊಂಡು ಓಡುತ್ತಿದ್ದ.

ಅವನಿಗೆ ನಮ್ಮೂರ ಕಟ್ಟಳೆಯನ್ನು ಯಾರೂ ಬಿಡಿಸಿ ಹೇಳಲಿಲ್ಲ. ಹಿರಿಯರು ಬದುಕಿರುವ ಮನೆಯೊಳಗೆ ಪಾಲಿನ ಮಾತು, ಬಾಕಿಯ ಮಾತು ಆಡಬಾರದು. ಆಡಿದರೆ "ನೀವು ಯಾವಾಗ ಸಾಯ್ತೀರಿ" ಎಂದು ಕೇಳಿದಂತೆ. ಚೆಲುವಿ ಹೇಳಿರುತ್ತಾಳೆ ಎಂದು ನಾನು ಅಂದುಕೊಂಡೆ. ಊರವರೇ ಹೇಳಿರುತ್ತಾರೆ ಎಂದು ಚೆಲುವಿ ಅಂದುಕೊಂಡಳು. ಊರವರು ಯಾಕೆ ಹೇಳುತ್ತಾರೆ? ಅಜ್ಜನ ಅರ್ಧ ಗಡ್ಡವನ್ನು ಅವನು ಯಾವುದೋ ಹರಕೆ ಎಂದುಕೊಂಡಿದ್ದನಂತೆ, ಆಮೇಲೆ ಗೊತ್ತಾಯಿತು.

ಮಾವನವರು ಹೋದ ಮೇಲೆ ಕಸುಬಿನ ಯಜಮಾನಿಕೆ ಹಿಡಿದಿದ್ದ ನಮ್ಮತ್ತೆಯೇ ಅವನಿಗೆ ಹಗ್ಗದ ಕಸುಬು ಕಲಿಸಲು ನಿಂತರು. ಆ ಪಾಠ ನೋಡಲು ಜನ ಬರುತ್ತಿದ್ದರು, ನಿಜವಾಗಿ. ಮುದ್ದಯ್ಯನ ಕೈ ಬಂಗಾರ, ಹುರಿ ಬಿಡುವುದನ್ನು ಬೇಗ ಕಲಿತ. ಆದರೆ ಹಿಂದಕ್ಕೆ ನಡೆ ಎಂದರೆ ಕತ್ತು ತಾನೇ ತಾನಾಗಿ ತಿರುಗುತ್ತಿತ್ತು. ಕತ್ತು ತಿರುಗಿದ ಕೂಡಲೇ ಕಾಲು ಕಾಲಿಗೆ ಸಿಕ್ಕಿಕೊಂಡು, ಒಂದು ದಿನ ನಾರಿನ ರಾಶಿಯ ಮೇಲೆ, ಒಂದು ದಿನ ಕಲಗಚ್ಚಿನ ತೊಟ್ಟಿಯೊಳಗೆ. ಅತ್ತೆ ಕೋಲೂರಿಕೊಂಡು ಕಟ್ಟೆಯ ಮೇಲೆ ಕೂತು ಕೂಗುತ್ತಿದ್ದರು.

"ಕತ್ತು ತಿರುಗಿಸ್ಬೇಡ ಅಂತ ಎಷ್ಟು ಸಲ ಬಡ್ಕೊಳ್ಲೋ! ಹಿಂದೆ ಏನ್ ನಿಮ್ಮಪ್ಪ ನಿಂತಿದ್ದಾನಾ?"

"ಗೋಡೆ ಇದ್ಯಲ್ಲಜ್ಜಿ..."

"ಗೋಡೆ ನಿನಗಿಂತ ಮೊದ್ಲಿಂದ ಅಲ್ಲೇ ಇದೆ. ಅದೇನ್ ಎದ್ದು ಬರ್ತದಾ ನಿನ್ನ ಹಿಡ್ಕೊಳ್ಳಾಕೆ? ನಡಿ!"

ಸಂಜೆ ರಾಟೆ ನಿಲ್ಲಿಸಿದ ಮೇಲೆ ಅವನು ಬಂದು ಅವರ ಮುಂದೆ ನಿಲ್ಲುತ್ತಿದ್ದ. "ಅಜ್ಜಿ, ಇವತ್ತು?" ಎನ್ನುತ್ತಿದ್ದ. ಅತ್ತೆ ಎಲೆಅಡಿಕೆ ಉಗಿದು, ಬೀದಿಗೆಲ್ಲ ಕೇಳುವಂತೆ, "ಇನ್ನೂ ಆಗಿಲ್ಲ!" ಎನ್ನುತ್ತಿದ್ದರು. ಬೀದಿಯವರು ಅದನ್ನು ಕೇಳಿ ದೀಪ ಹಚ್ಚುತ್ತಿದ್ದರು. ಪಾಲಿನ ಸಂಪಂಗಪ್ಪ ಕೂಡ ಆ ಹೊತ್ತಿಗೆ ಸರಿಯಾಗಿ ನಮ್ಮ ಗೋಡೆಯ ಪಕ್ಕ ನಡೆದು ಹೋಗುತ್ತಿದ್ದ. ಊರಿನ ಪಾಲನ್ನು ಅಳೆದು ತೆಗೆದುಕೊಂಡು ಹೋಗುವವನು ಅವನೇ. ದುಂಡಗೆ, ನಗುಮುಖದ ಮನುಷ್ಯ. ಸತ್ತ ಮನೆಗೆ ಮಾತ್ರ ಹೋಗಿ ಹೋಗಿ, ಬದುಕಿದ ಮನೆಯ ಗಲಾಟೆ ಕೇಳಿದರೆ ಅವನಿಗೆ ಹಬ್ಬ. "ಹೊನ್ನಾಜವ್ವ, ಇವತ್ತೂ ಇಲ್ವಾ?" ಎಂದು ಗೋಡೆಯ ಮೇಲಿಂದ ಇಣುಕುತ್ತಿದ್ದ. "ಇಲ್ಲ ಕಣಯ್ಯ, ನೀನು ಹೋಗು, ನಮ್ಮನೇಲಿ ನಿನಗೇನ್ ಕೆಲ್ಸ ಇನ್ನೂ," ಎನ್ನುತ್ತಿದ್ದರು ಅತ್ತೆ.

ಆ ವರ್ಷದ ಮಾಗಿಯಲ್ಲಿ ಅತ್ತೆ ಹೋದರು. ಯಾರಿಗೂ ತೊಂದರೆ ಕೊಡಲಿಲ್ಲ. ಮಧ್ಯಾಹ್ನ ಮುದ್ದೆ ಉಂಡು, ಉಪ್ಪು ಕಮ್ಮಿ ಎಂದು ನನ್ನನ್ನು ಬೈದು, ಮುದ್ದಯ್ಯನನ್ನು ಕರೆದು, "ನಾಳೆ ಬೆಳಿಗ್ಗೆ ಬೇಗ ಬಾ, ನಿನ್ನ ಕತ್ತನ್ನ ಒಂದ್ ಕೈ ನೋಡ್ತೀನಿ," ಎಂದರು. ಮಲಗಿದವರು ಏಳಲಿಲ್ಲ. ಮುದ್ದಯ್ಯ ಅತ್ತಷ್ಟು ನಮ್ಮ ಮನೆಯಲ್ಲಿ ಯಾರೂ ಅಳಲಿಲ್ಲ. ತಾಯಿಯನ್ನು ಕಂಡವನಲ್ಲ, ಬೈಗುಳದಲ್ಲೇ ತಾಯಿಯನ್ನು ಕಂಡಿದ್ದ ಅನ್ನಿಸುತ್ತದೆ.

ತಿಥಿಯ ದಿನ ನಾನು ಹಿತ್ತಲ ಬಾಗಿಲ ಬಳಿ ಹೂಡಿದ್ದ ಒಲೆಯ ಮುಂದಿದ್ದೆ. ಅಂಗಳದಲ್ಲಿ ಎಲೆ ಹಾಕಿ ನೆಂಟರಿಷ್ಟರು ಕೂತಿದ್ದರು, ಸಂಪಂಗಪ್ಪನೂ ಕೂತಿದ್ದ. ಊಟಕ್ಕೆ ಕರೆದರೆ ಬರಬಾರದೆಂದೇನಿಲ್ಲವಲ್ಲ. ಮುದ್ದಯ್ಯ ಕೊಟ್ಟಿಗೆಯಿಂದ ಏನೋ ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದ. ಕಣ್ಣು ಕೆಂಪಗಿದ್ದವು, ಮುಖದಲ್ಲಿ ಮಾತ್ರ ಏನೋ ಒಂದು ಸಮಾಧಾನ ಇತ್ತು. ಎಲ್ಲರೆದುರು ನಿಂತು ಹೇಳಿದ.

"ಅಜ್ಜಿ ಒಂದು ಕೆಲ್ಸ ಅರ್ಧಕ್ಕೆ ಬಿಟ್ಟು ಹೋಗಿದ್ರು. ಅವರ ಜೀವಕ್ಕೆ ನೆಮ್ಮದಿ ಇರಲ್ಲ ಅಂತ ನಾನೇ ಮುಗಿಸಿದೀನಿ. ನೋಡಿ."

ಅವನ ಕೈಯಲ್ಲಿ ನಮ್ಮ ಹಳೆಯ ಹಗ್ಗದ ತುದಿ. ಮೂರು ಎಳೆಗಳನ್ನೂ ಹೊಸೆದು, ಸುತ್ತಿ, ಒಳಗೆ ಸೇರಿಸಿ, ಮೇಣದ ದಾರದಿಂದ ಬಿಗಿದು ಕಟ್ಟಿದ್ದ. ಅಷ್ಟು ಚೆಂದದ ಗಂಟನ್ನು ನಾನು ನನ್ನ ಜನ್ಮದಲ್ಲಿ ನೋಡಿಲ್ಲ.

ಇಡೀ ಪಂಕ್ತಿಯ ಕೈಗಳು ಎಲೆಯ ಮೇಲೇ ನಿಂತವು. ಯಾರೋ ಒಬ್ಬರು "ಅಯ್ಯೋ ಶಿವನೇ" ಎಂದರು. ಮುದ್ದಯ್ಯ ಮಾತ್ರ ಎಲ್ಲರೂ ಗಂಟಿನ ಅಂದಕ್ಕೆ ಬೆರಗಾಗಿದ್ದಾರೆ ಎಂದುಕೊಂಡು, ಸೀದಾ ಸಂಪಂಗಪ್ಪನ ಹತ್ತಿರ ಹೋಗಿ ಅವನ ಮೂಗಿನ ಕೆಳಗೇ ಹಿಡಿದ. "ಮುಟ್ಟಿ ನೋಡಿ ಅಣ್ಣ, ಗಟ್ಟಿ ಇದೆ." ಸಂಪಂಗಪ್ಪ ಬಾಯಲ್ಲಿದ್ದ ಒಬ್ಬಟ್ಟು ನುಂಗಲೂ ಆರದೆ ಉಗಿಯಲೂ ಆರದೆ ನನ್ನ ಕಡೆ ನೋಡಿದ. ಗಂಟನ್ನು ನೋಡದೆ ಇರಲು ಪ್ರಯತ್ನಪಟ್ಟ, ನನಗೆ ಗೊತ್ತು. ಆದರೆ ಮೂಗಿಗೆ ತಾಗುವಂತೆ ಹಿಡಿದದ್ದನ್ನು ನೋಡಿಲ್ಲ ಎನ್ನುವುದು ಹೇಗೆ?

ಬಿಚ್ಚಿಬಿಡೋಣ ಎಂದು ನೀವು ಹೇಳಬಹುದು. ಮುಗಿದದ್ದನ್ನು ಬಿಚ್ಚಿದರೆ ಕಾಲು ಪಾಲಿನ ಜಾಗದಲ್ಲಿ ಅರ್ಧ ಪಾಲು, ಅದೂ ಕಟ್ಟಳೆಯಲ್ಲೇ ಇದೆ. ನಮ್ಮ ಹಿರಿಯರಿಗೆ ನಮ್ಮ ಬುದ್ಧಿ ಚೆನ್ನಾಗಿ ಗೊತ್ತಿತ್ತು.

ಜನ ಹೋದ ಮೇಲೆ ನಾನು ಬಾಯಿಗೆ ಬಂದಂತೆ ಬೈದೆ. ಅತ್ತೆ ಬೈದದ್ದೆಲ್ಲ ಹೂವಿನ ಹಾರ ಅನ್ನಿಸುವಂತೆ ಬೈದೆ. ಅಷ್ಟೊತ್ತಿಗೆ ಚೆಲುವಿ ಅಳುತ್ತಾ ಅವನಿಗೆ ಎಲ್ಲವನ್ನೂ ಬಿಡಿಸಿ ಹೇಳಿದ್ದಳು. ಗೋಡೆಗೊರಗಿ ಕುಸಿದು ಕೂತವನು ನೆಲ ನೋಡುತ್ತಲೇ ಇದ್ದ. ಯಜಮಾನರು ಮಾತ್ರ, "ಅವನಿಗೆ ಯಾರ್ ಹೇಳಿದ್ರು? ಹೇಳ್ದೆ ಇರೋದು ನಾವು," ಎಂದು ಎದ್ದು ಹೋದರು. ಆ ಮನುಷ್ಯ ವರ್ಷಕ್ಕೊಂದು ಮಾತಾಡುತ್ತಾರೆ, ಆಡಿದರೆ ಹೀಗೆ.

ಮರುದಿನ ಬೆಳಿಗ್ಗೆ ನೋಡಿದರೆ ಮುದ್ದಯ್ಯ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊಸಿಲ ಮೇಲೆ ನಿಂತಿದ್ದಾನೆ.

"ಎಲ್ಲಿಗೆ?" ಎಂದೆ.

"ನನ್ನಿಂದ ಕಸುಬು ಹಾಳಾಯ್ತು ಅತ್ತೆ. ಯಾವ ಮುಖ ಇಟ್ಕೊಂಡು ಇರ್ಲಿ? ಹೊಲಿದು ದುಡಿದು ಕಳಿಸ್ತೀನಿ."

ನನಗೆ ಬೈಯಬೇಕೋ ಅಳಬೇಕೋ ತಿಳಿಯಲಿಲ್ಲ. ಹೊಟ್ಟೆ ಉರಿಯುತ್ತಿತ್ತು, ಆ ಸುಡುಗಾಡು ಗಂಟನ್ನು ನೆನೆದರೆ ಈಗಲೂ ಉರಿಯುತ್ತದೆ. ಆದರೆ ಅವನು ಹೊಸಿಲ ಮೇಲೆ ನಿಂತದ್ದನ್ನು ನೋಡಿ ಕರುಳು ಕಿತ್ತು ಬಂತು. "ಅಂಗಳ ಕಾಲು ಹೋದ್ರೆ ಹೋಗ್ಲಿ, ಅಳಿಯ ಪೂರ್ತಿ ಹೋಗೋದ್ ಬೇಡ. ಒಳಗ್ ನಡಿ, ಗಂಜಿ ಆರ್ತಾ ಇದೆ," ಎಂದೆ. ಗಂಜಿ ಇನ್ನೂ ಒಲೆಯ ಮೇಲಿಟ್ಟೇ ಇರಲಿಲ್ಲ.

ಸಂಪಂಗಪ್ಪ ಒಂದಷ್ಟು ದಿನ ಏನೇನೋ ನೆಪ ಹೇಳಿ ತಳ್ಳಿದ. ಶೀತ ಎಂದ, ಕಾಲುನೋವು ಎಂದ, ಅಮಾವಾಸ್ಯೆ ಎಂದ. ಕೊನೆಗೆ ಚಾವಡಿಯಲ್ಲಿ ದೊಡ್ಡವರು ಗದರಿಸಿದರು ಅಂತ ಕಾಣುತ್ತದೆ, ಒಂದು ದಿನ ಹೆಗಲ ಮೇಲೆ ಅಳತೆಹಗ್ಗ ಹಾಕಿಕೊಂಡು, ಕಂಕುಳಲ್ಲಿ ಗೂಟ ಇಟ್ಟುಕೊಂಡು ಬಂದ. ಆ ಅಳತೆಹಗ್ಗವೂ ನಮ್ಮತ್ತೆಯೇ ಹೊಸೆದುಕೊಟ್ಟದ್ದು. ಊರಿನವರೆಲ್ಲ ಗೋಡೆಯ ಮೇಲೆ ಹತ್ತಿ ಕೂತಿದ್ದರು. ಅವರೂ ನಗುತ್ತಿರಲಿಲ್ಲ. ಹೊಳೆಯ ದೋಣಿಯವನು ಕೂಡ ಬಂದು ತಲೆಮೇಲೆ ಕೈಹೊತ್ತು ಕೂತಿದ್ದ. ಈ ಸಲದ ಮಳೆಗೆ ಮುಂಚೆ ಅವನಿಗೆ ಹೊಸ ಹಗ್ಗ ಬೇಕಿತ್ತು.

ಸಂಪಂಗಪ್ಪ ಗಂಟಲು ಸರಿಮಾಡಿಕೊಂಡು ಕಟ್ಟಳೆಯ ಮಾತು ಕೇಳಿದ. "ಸತ್ತವರು ಬಿಟ್ಟುಹೋದ ಕೆಲಸ ಮುಗಿದಿದೆಯೇ?"

ಯಜಮಾನರು ಹೌದೆಂದು ತಲೆಯಾಡಿಸಿದರು. ಏನು ಮಾಡುವುದು, ಮುಗಿದಿತ್ತು.

"ಹಂಗಾದ್ರೆ ಅಳೀಬೇಕು. ಈ ತುದಿ ನಾನು ಹಿಡ್ಕೊಂಡಿರ್ತೀನಿ. ಆ ತುದಿ ಹಿಡ್ಕೊಂಡು ಗೋಡೆ ತನಕ ಯಾರ್ ಹೋಗ್ತೀರಾ?"

ಮುದ್ದಯ್ಯ ಮುಂದೆ ಬಂದ. "ನಾನು ಮಾಡಿದ್ದು, ನಾನೇ ಹಿಡೀತೀನಿ," ಎಂದು ತುದಿ ತೆಗೆದುಕೊಂಡ. ಅಳತೆಹಗ್ಗ ಜೋತು ಬೀಳಬಾರದು, ಎರಡೂ ಕೈಯಿಂದ ಬಿಗಿಯಾಗಿ ಎಳೆದು ಹಿಡಿದುಕೊಂಡು ಹಿಂದಕ್ಕೆ ಹೋಗಬೇಕು. ಹೋದ. ಹಿಂದುಹಿಂದಕ್ಕೆ ಹೆಜ್ಜೆ ಹಾಕಿದ. ನಾಲ್ಕು ಹೆಜ್ಜೆ ಚೆನ್ನಾಗಿಯೇ ಹೋದ. ಆಮೇಲೆ ನೋಡಿ, ಆ ಕತ್ತು. ನಾನು ನೋಡುತ್ತಲೇ ಇದ್ದೆ, ತಿರುಗಿತು. ಕಾಲಿಗೆ ಕಾಲು ಸಿಕ್ಕಿತು. ಹಗ್ಗದ ಸಮೇತ ಮುದ್ದಯ್ಯ ದಬಾರನೆ ಕಲಗಚ್ಚಿನ ತೊಟ್ಟಿಗೆ ಬಿದ್ದ. ಹಗ್ಗ ಹಿಡಿದಿದ್ದ ಸಂಪಂಗಪ್ಪ ಮುಗ್ಗರಿಸಿ ಮೂರು ಹೆಜ್ಜೆ ಓಡಿಬಂದ.

ನನಗೆ ಏನಾಯಿತೋ ಗೊತ್ತಿಲ್ಲ. ಅಷ್ಟು ದಿನದ ದುಃಖ, ಸಿಟ್ಟು ಎಲ್ಲ ಒಟ್ಟಿಗೆ ಬಾಯಿಗೆ ಬಂತು.

"ಕತ್ತು ತಿರುಗಿಸ್ಬೇಡ ಅಂತ ಎಷ್ಟು ಸಲ ಬಡ್ಕೊಳ್ಲೋ!"

ನನ್ನ ದನಿ ನನಗೇ ಅತ್ತೆಯ ದನಿಯಂತೆ ಕೇಳಿಸಿತು. ಗೋಡೆಯ ಮೇಲೆ ಕೂತಿದ್ದವರಿಗೂ ಹಾಗೇ ಕೇಳಿಸಿರಬೇಕು. ಅಭ್ಯಾಸಬಲ ನೋಡಿ, ಮುದುಕರು, ಹೆಂಗಸರು, ಮಕ್ಕಳು ಎಲ್ಲರೂ ಒಂದೇ ಉಸಿರಿಗೆ ಕೂಗಿದರು.

"ಇನ್ನೂ ಆಗಿಲ್ಲ!"

ಮುದ್ದಯ್ಯ ತೊಟ್ಟಿಯಲ್ಲಿ, ತಲೆಯ ಮೇಲೆ ಬಾಳೆಹಣ್ಣಿನ ಸಿಪ್ಪೆ. ಸಂಪಂಗಪ್ಪ ಅವನನ್ನೇ ನೋಡುತ್ತಾ ನಿಂತ. ನಾನು ಸಂಪಂಗಪ್ಪನನ್ನು ನೋಡಿದೆ. ನನ್ನ ತಲೆಯೊಳಗೆ ಏನೋ ಚುರುಕ್ ಅಂದಿತು.

"ಅಲ್ಲ ಸಂಪಂಗಪ್ಪ," ಎಂದೆ, "ಇವನಿಗೆ ನಡೆಯೋದು ಕಲಿಸ್ತಿದ್ದೋರು ಯಾರು?"

"ಹೊನ್ನಾಜವ್ವ."

"ಅವರು ಸಾಯೋ ಹೊತ್ತಿಗೆ ಇವನು ಕಲ್ತಿದ್ನಾ?"

"ಎಲ್ಲಿ ಕಲ್ತಿದ್ದ? ದಿನಾ ನಾನೇ ಕೇಳ್ತಿದ್ನಲ್ಲ. ಇಡೀ ಬೀದಿ ಕೇಳ್ತಿತ್ತು."

"ಈಗ ಕಲ್ತಿದ್ದಾನಾ? ನಿನ್ನ ಕಣ್ಣಾರೆ ನೋಡಿದ್ಯಲ್ಲ, ಹೇಳು."

ಸಂಪಂಗಪ್ಪನ ಮುಖದಲ್ಲಿ ನಗು ಎಲ್ಲಿಂದಲೋ ಶುರುವಾಗಿ ಕಿವಿಯವರೆಗೂ ಹರಡಿತು. ಆದರೂ ಅವನು ಕಟ್ಟಳೆಯ ಮನುಷ್ಯ. ಗೋಡೆಯ ಕಡೆ ತಿರುಗಿ ಕೇಳಿದ. "ಏನ್ರಪ್ಪಾ, ಹೊನ್ನಾಜವ್ವ ಕೊನೇ ದಿನ ಇವನಿಗೆ ಏನ್ ಹೇಳಿದ್ರು, ಯಾರಾದ್ರೂ ಕೇಳಿಸ್ಕೊಂಡಿದ್ದೀರಾ?"

"ನಾಳೆ ಬೆಳಿಗ್ಗೆ ಬೇಗ ಬಾ ಅಂದ್ರು!" ಎಂದ ಈರಪ್ಪಜ್ಜ, ಅರ್ಧ ಗಡ್ಡ ನೇವರಿಸಿಕೊಳ್ಳುತ್ತಾ. "ನಿನ್ನ ಕತ್ತನ್ನ ಒಂದ್ ಕೈ ನೋಡ್ತೀನಿ ಅಂದ್ರು. ನಾನು ಗೋಡೆ ಪಕ್ಕದಲ್ಲೇ ಎಲೆಅಡಿಕೆ ಹಾಕ್ಕೊಂಡು ಕೂತಿದ್ದೆ. ಕೆಲ್ಸ ಮುಂದಿನ್ ದಿನಕ್ಕೆ ಉಳಿಸಿದ್ರು ಅಂತಾಯ್ತಲ್ಲ."

ಸಂಪಂಗಪ್ಪ ಅಳತೆಹಗ್ಗವನ್ನು ಮೊಣಕೈಗೆ ಸುತ್ತತೊಡಗಿದ. "ಹೊನ್ನಾಜವ್ವನ ಬಾಕಿ ಎರಡಿತ್ತು. ಒಂದು ಹಗ್ಗ, ಅದು ಮುಗೀತು. ಇನ್ನೊಂದು ಈ ಅಳಿಯ. ಇವನು ಮುಗಿದಿಲ್ಲ. ಇವನು ಮುಗಿಯೋವರೆಗೂ ಊರಿಗೆ ಪಾಲಿಲ್ಲ," ಎಂದ. ಆಮೇಲೆ ತೊಟ್ಟಿಯ ಹತ್ತಿರ ಬಗ್ಗಿ, "ನೋಡಯ್ಯ, ಮುಗಿದ್ ದಿನ ಬರ್ತೀನಿ," ಎಂದ.

ಆ ದಿನ ನಮ್ಮ ಅಂಗಳದಲ್ಲಿ ಎದ್ದ ಗಲಾಟೆ ಮದುವೆಯಲ್ಲೂ ಎದ್ದಿರಲಿಲ್ಲ. ದೋಣಿಯವನು ಕಲಗಚ್ಚನ್ನೂ ಲೆಕ್ಕಿಸದೆ ಮುದ್ದಯ್ಯನನ್ನು ತಬ್ಬಿಕೊಂಡ. ಯಜಮಾನರು ರಾಟೆಯ ಮೇಲೆ ಕೈಯಿಟ್ಟುಕೊಂಡು, ಕಣ್ಣೊರೆಸಿಕೊಂಡು, ಹೊಗೆ ಎಂದರು. ಒಲೆಯೇ ಉರಿಯುತ್ತಿರಲಿಲ್ಲ. ನಾನು ಚೆಲುವಿಗೆ ಹೇಳಿ ಉಳಿದಿದ್ದ ಬೆಲ್ಲವನ್ನೆಲ್ಲ ಹಾಕಿ ಪಾಯಸ ಮಾಡಿಸಿದೆ.

ಮುದ್ದಯ್ಯನ ಪಾಡು ಮಾತ್ರ ಕೇಳಬೇಡಿ. ಅರ್ಧಕ್ಕೆ ನಿಂತದ್ದನ್ನು ಕಂಡರಾಗದವನು ತಾನೇ ಅರ್ಧಕ್ಕೆ ನಿಲ್ಲಬೇಕಾಯಿತು. ಹುಣ್ಣಿಮೆ ಹುಣ್ಣಿಮೆಗೆ ಸಂಪಂಗಪ್ಪ ಕಾಫಿ ಹೊತ್ತಿಗೆ ಸರಿಯಾಗಿ ಬರುತ್ತಾನೆ. "ಎಲ್ಲಿ, ನಡಿ ನೋಡೋಣ," ಎನ್ನುತ್ತಾನೆ. ಮುದ್ದಯ್ಯ ನಡೆಯುತ್ತಾನೆ, ಕತ್ತು ತಿರುಗಿಸುತ್ತಾನೆ, ಬೀಳುತ್ತಾನೆ. ನಾನು ಅತ್ತೆಯ ಕಟ್ಟೆಯ ಮೇಲೆ ಕೂತು ಬೈಯುತ್ತೇನೆ. ಗೋಡೆಯ ಮೇಲಿನವರು ತಮ್ಮ ಪಾಲಿನ ಕೂಗು ಕೂಗುತ್ತಾರೆ. ಸಂಪಂಗಪ್ಪ ಇನ್ನೊಂದು ಲೋಟ ಕಾಫಿ ಕುಡಿದು ಹೋಗುತ್ತಾನೆ. ಮೊದಮೊದಲು ಬಿದ್ದು ಎದ್ದಾಗಲೆಲ್ಲ ಮುದ್ದಯ್ಯನ ಮುಖ ಸಣ್ಣಗಾಗುತ್ತಿತ್ತು. ಒಂದು ಸಲ ಚೆಲುವಿಗೆ, "ನಾನೇ ಈ ಮನೇಲಿ ನೇತಾಡೋ ದಾರ ಕಣೇ," ಎಂದನಂತೆ. ಅವಳು ನನ್ನ ಹತ್ತಿರ ಬಂದು ಹೇಳಿ ಅತ್ತಳು. ನನಗೂ ಮನಸ್ಸಿಗೆ ಹಾಯೆನಿಸಲಿಲ್ಲ. ಕಸುಬು ಉಳಿಸಲು ಒಬ್ಬ ಹುಡುಗನನ್ನು ಜನ್ಮವಿಡೀ ಬೀಳಿಸುವುದು ಎಂಥ ನ್ಯಾಯ?

ಇದರ ನಡುವೆ ಹೊಳೆಯ ಹಗ್ಗ ಹೊಸೆಯುವ ಕಾಲ ಬಂತು. ನಡೆಯಬೇಕಾದವಳು ನಾನು. ಮಂಡಿ ಎರಡೂ ಮುಷ್ಕರ ಹೂಡಿದ್ದವು. ಒಂದು ಎಳೆ ಮುಗಿಸುವಷ್ಟರಲ್ಲಿ ಜೀವ ಬಾಯಿಗೆ ಬರುತ್ತಿತ್ತು. ಆದರೂ ವಿಚಿತ್ರ, ಬೆಳಿಗ್ಗೆ ಎದ್ದು ನೋಡಿದರೆ ನಾನು ಹೊಸೆದದ್ದಕ್ಕಿಂತ ಹುರಿ ಹೆಚ್ಚಿರುತ್ತಿತ್ತು. ಯಜಮಾನರನ್ನು ಕೇಳಿದರೆ ಆಕಾಶ ನೋಡುತ್ತಿದ್ದರು.

ಒಂದು ದಿನ ಕೋಳಿ ಕೂಗುವ ಹೊತ್ತಿಗೆ ರಾಟೆಯ ಸದ್ದು ಕೇಳಿ ಹಿತ್ತಲ ಬಾಗಿಲಿಗೆ ಬಂದೆ. ಯಜಮಾನರು ರಾಟೆ ತಿರುಗಿಸುತ್ತಿದ್ದರು. ಮುದ್ದಯ್ಯ ಸೊಂಟಕ್ಕೆ ನಾರು ಕಟ್ಟಿಕೊಂಡು ಹಿಂದುಹಿಂದಕ್ಕೆ ನಡೆಯುತ್ತಿದ್ದ. ಕಣ್ಣು ಹುರಿಯ ಮೇಲೆ, ಕತ್ತು ನೆಟ್ಟಗೆ. ಹಿಮ್ಮಡಿ ಮೊದಲು ನೆಲ ತಡವಿ ಆಮೇಲೆ ಊರುವ ಆ ಹೆಜ್ಜೆ ನಮ್ಮತ್ತೆಯದೇ. ತೊಟ್ಟಿಯನ್ನು ದಾಟಿದ, ನಾರಿನ ರಾಶಿಯನ್ನು ದಾಟಿದ, ಗೋಡೆಗೆ ಗೇಣು ಉಳಿದಿರುವಾಗ ಯಾರೋ ಹೇಳಿದಂತೆ ನಿಂತ. ಹುರಿ ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮನಾಗಿತ್ತು. ನನ್ನ ಕಣ್ಣಲ್ಲಿ ನೀರು ದಳದಳನೆ ಇಳಿಯಿತು. ಅತ್ತೆ ಇದನ್ನು ನೋಡಬೇಕಿತ್ತು. ಅವರಿಗೆ ಇವನ ಕೈಗುಣ ಮೊದಲೇ ಗೊತ್ತಿತ್ತೋ, ಗೊತ್ತಿದ್ದೂ ದಿನಾ ಹಾಗೆ ಕೂಗುತ್ತಿದ್ದರೋ, ಆ ಮುದುಕಿಯ ಲೆಕ್ಕ ಯಾರಿಗೆ ಗೊತ್ತು.

ಮುದ್ದಯ್ಯ ತಲೆಯೆತ್ತಿ ನನ್ನನ್ನು ಕಂಡ. ಸಿಕ್ಕಿಬಿದ್ದೆ ಎಂದು ಒಂದು ಕ್ಷಣ ಬೆದರಿದ. ಆಮೇಲೆ ನಾರಿನ ಕಟ್ಟು ಬಿಚ್ಚದೆ ಅಂಗಳದ ಉದ್ದಕ್ಕೂ ನಡೆದು ಬಂದು, ಅತ್ತೆಯ ಮುಂದೆ ನಿಲ್ಲುತ್ತಿದ್ದ ಹಾಗೆಯೇ ನನ್ನ ಮುಂದೆ ನಿಂತ. ಅವನ ಅಂಗಿಯ ತೋಳಿನಿಂದ ಒಂದು ದಾರ ನೇತಾಡುತ್ತಿತ್ತು. ಅವನೇ ಹೊಲಿದುಕೊಂಡ ಅಂಗಿ. ಕಚ್ಚಿ ತೆಗೆದಿರಲಿಲ್ಲ.

"ಅತ್ತೆ, ಇವತ್ತು?" ಎಂದ ಮೆಲ್ಲಗೆ.

ಏನು ಹೇಳಲಿ? ಹೊಗಳಿಬಿಡೋಣ, ತಲೆ ಸವರಿಬಿಡೋಣ ಎಂದು ಮನಸ್ಸು ಎಷ್ಟು ಹಾತೊರೆಯಿತೋ ನನಗೇ ಗೊತ್ತು. ಗೋಡೆಯಾಚೆ ಬೀದಿ ಆಗಲೇ ಏಳುತ್ತಿತ್ತು, ಯಾರೋ ನೀರಿಗೆ ಹೋಗುವ ಸದ್ದು. ನಾನು ಕಣ್ಣೊರೆಸಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅತ್ತೆ ಹೇಳುತ್ತಿದ್ದಷ್ಟೇ ಜೋರಾಗಿ, ಬೀದಿಗೆಲ್ಲ ಕೇಳುವಂತೆ ಹೇಳಿದೆ.

"ಇನ್ನೂ ಆಗಿಲ್ಲ!"

ಮುದ್ದಯ್ಯನ ಮುಖ ಅರಳಿತು. ಅಷ್ಟು ಖುಷಿಯಾಗಿ ಅವನು ನಗುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಬಗ್ಗಿ ನನ್ನ ಕಾಲು ಮುಟ್ಟಿದ.

"ನಾಳೆ ಬೆಳಿಗ್ಗೆ ಬೇಗ ಬರ್ತೀನಿ ಅತ್ತೆ," ಎಂದ.